ಪದ ಬೇಕು (ಅರ್ಜೆಂಟ್): ಕ್ಯಾಂಪಿನ ಕಡೀ ದಿನದ ನಾಷ್ಟಾಕ್ಕ ಏನನ್ನಬೇಕು?

ಕ್ಯಾಂಪಿನ ಕಡೀ ದಿನ ಉಳಿದಿದ್ದೆಲ್ಲ ಹುರಿದು ಮಾಡೋ ನಾಷ್ಟಾಕ್ಕ ಬೋರ್ಡಿನ ಮ್ಯಾಲ ಬರಿಯೋಕ ಒಂದು ಪದ ಹೇಳ್ರಿ ಅಂತ ನಿನ್ನೆ ಕೇಳಿದ್ದೆ, ಉತ್ತರ ಬರ್ದವ್ರಿಗೆಲ್ಲ ನಮಸ್ಕಾರ್ರಿ, ಆದ್ರ ನನ್ನ ಕೆಲಸ ಇನ್ನೂ ಆಗಿಲ್ಲ. ಕಲಬುರ್ಗಿ ಜಿಲ್ಲಾದ ಚಿಂಚೋಳಿ ಕಡಿ, ಚಂದ್ರಂಪಳ್ಳಿ ಡ್ಯಾಮಿನ ಬಾಜು ಹುಡುಗರ ಮೂರು ದಿನದ ಕ್ಯಾಂಪ್ ಅದ, ಬೋರ್ಡ್ ಬರಿಯೋ ಪೇಂಟರ್ ಇವತ್ತು ಸಂಜಿ ಐದಕ್ಕ ಬರ್ತಾನ.

ಅಡಗಿ ಏನಂತ ಮತ್ತೊಮ್ಮೆ ಹೇಳ್ತೀನಿ. ಕಡೀ ದಿನ ಮುಂಜಾನಿ, ಟೆಂಟ್ ಬಿಚ್ಚೋಕಿಂತ ಮೊದಲ, ಡಬ್ಬ್ಯಾಗ ಉಳಿದಿದ್ದೆಲ್ಲ, ರಾತ್ರಿ ಕುದಿಸಿಟ್ಟ ಆಲೂಗಡ್ಡಿ, ಅರ್ಧ ಉಳ್ಳಾಗಡ್ಡಿ, ನಾಕು ತತ್ತಿ, ಬಿರುಸಾದ ಬ್ರೆಡ್ಡು, ರೊಟ್ಟಿ ಚೂರು, ಎಲ್ಲಾ ಒಂದೇ ಕಬ್ಬಿಣದ ಕಡಾಯ್ದಾಗ ಹಾಕಿ ಹುರಿಯೋದು. ರಾತ್ರಿ ಕುದಿಸಿದ ಆಲೂಗಡ್ಡಿ ಮ್ಯಾಲಿನ ಪಸಿ ಆರಿರ್ತದ, ಅದಕ್ಕ ಅದು ಹೊಸಾದಕ್ಕಿಂತ ಚಂದ ಕೆಂಪಾಗ್ತದ. ಅಂದ್ರ ಉಳಿದಿದ್ದಕ್ಕೇ ಇಲ್ಲಿ ರುಚಿ ಅದ, ಪದಾನೂ ಹಂಗೇ ಇರಬೇಕು.

'ಶೇಷಾಹಾರ' ಬ್ಯಾಡ. ಯಾರೋ ಎಂಜಲ ಬಿಟ್ಟಂಗ ಅನಸ್ತದ. 'ಉಳಿಕೆ ಉಪಹಾರ' ಅಂದವ್ರಿಗೆ: ಉಪಹಾರ ಅಂದ್ರ ಕಾಣಿಕಿ, ತಿನ್ನೋದು ಉಪಾಹಾರ. ಹೋಟೆಲ್ ಬೋರ್ಡ್ ನೋಡಿ ಕನ್ನಡ ಕಲೀಬ್ಯಾಡ್ರಿ.

ನಾನು 'ತಂಗಳ ನಾಷ್ಟಾ' ಅಂತೀನಿ. ತಂಗಳ ಅಂದ್ರ ಮಂದಿ ಮೂಗು ಮುರೀತಾರ ಅಂತ ಒಬ್ರು ಬರ್ದಾರ, ಯಾಕ್ ಮುರೀಬೇಕ್ರಿ? ತಣ್ ಕೂಳ್, ಕೂಡಿ ತಂಗೂಳ್, ಅದೇ ಸವೆದು ತಂಗಳ. ಆರಿದ ಊಟ, ಅಷ್ಟೇ. ಕೆಟ್ಟಿದ್ದಕ್ಕ 'ಹಳಸಿದ್ದು' ಅಂತ ಬ್ಯಾರೆ ಪದ ಇಟ್ಟಾರಲ್ಲ ಹಿರಿಯರು, ಎರಡನ್ನೂ ಒಂದೇ ಮಾಡಿದವ್ರು ನಾವು. ಎಳ್ಳಮಾಸಿ (ಎಳ್ಳು ಅಮಾವಾಸಿ) ದಿನ ಹೊಲದಾಗ ಚರಗ ಚೆಲ್ಲಿ, ಅಂದ್ರ ಭೂಮಿತಾಯಿಗೆ ಎಡಿ ಚೆಲ್ಲಿ, ಉಂಡ ಕಾಳು-ಸೊಪ್ಪಿನ ಬಜ್ಜಿ (ಎಣ್ಣ್ಯಾಗ ಕರಿದ ಬಜ್ಜಿ ಅಲ್ಲ), ಮರುದಿನ ಮುಂಜಾನಿ ಕಾಸಿ ಸಜ್ಜಿ ರೊಟ್ಟಿ ಜೋಡಿ ತಿಂದವ್ರಿಗೆ ಇದು ಹೇಳಬೇಕಾಗಿಲ್ಲ, ನಮ್ಮವ್ವ ಅದಕ್ಕಂತೇ ಒಂದು ಗಡಗಿ ಜಾಸ್ತಿ ಮಾಡ್ತಿದ್ಳು. (ತಂಗಳ ಅನ್ನಾನೂ ಕಡಾಯ್ದಾಗ ಸೇರಸ್ರಿ ಅಂದವ್ರಿಗೆ: ಇಲ್ಲ. ಈ ಶಕ್ಯಾಗ ರಾತ್ರಿಯೆಲ್ಲ ಹೊರಗಿಟ್ಟ ಅನ್ನದಾಗ ಆಗೋ ವಿಷ ಮತ್ತ ಕಾಸಿದ್ರೂ ಹೋಗಂಗಿಲ್ಲ.)

ಇನ್ನ 'ನಾಷ್ಟಾ ಪಾರ್ಸಿ ಪದ, ತಿಂಡಿ ಅಂತ ಬರೀರಿ' ಅಂದ ಬೆಂಗಳೂರಿನ ಅಣ್ಣಾರಿಗೆ. ನಮ್ ಕಡಿ ತಿಂಡಿ ಅಂದ್ರ ಮೈ ತುರಿಸೋದ್ರಿ, ಅದನ್ನ ಬೋರ್ಡಿನ ಮ್ಯಾಲ ಬರದ್ರ ಹುಡುಗರು ಏನಂದಾರು? ನಾಷ್ಟಾ ಪಾರ್ಸೀನೇ, ಒಪ್ಪತೀನಿ, ಅಲ್ಲಿ ಅದರ ಮೂಲ ಅರ್ಥ ಏನೂ ತಿನ್ನದ ಖಾಲಿ ಹೊಟ್ಟಿ. 1347ರಾಗ ಬಹಮನಿ ರಾಜ್ಯ ಶುರು ಆಗಿ ಕಲಬುರ್ಗಿ ರಾಜಧಾನಿ ಆತು, 1948ರ ತನಕ ನಿಜಾಮರ ಕೆಳಗಿದ್ವಿ, ಅಷ್ಟು ವರ್ಷ ಅಡಗಿಮನ್ಯಾಗ ಕುಂತ ಪದ ಹೊರಗಿಂದು ಹ್ಯಾಂಗ್ ಆಗ್ತದ? ಸಂಸ್ಕೃತದ ಉಪಾಹಾರ ನಡೀತದ, ನಾಷ್ಟಾ ಮಾತ್ರ ನಡಿಯಂಗಿಲ್ಲ ಅಂದ್ರ ಅದು ಶುದ್ಧ ಕನ್ನಡ ಬೇಕು ಅಂದಂಗಲ್ಲ, ನಮ್ಮ ಕನ್ನಡ ಬ್ಯಾಡ ಅಂದಂಗ.

ಉಳಿದಿರೋದು ಒಂದೇ ಸಂಶಯ. 'ತಂಗಳು ನಾಷ್ಟಾ'ನೋ 'ತಂಗಳ ನಾಷ್ಟಾ'ನೋ? ತಂಗಳ ರೊಟ್ಟಿ ಅಂದಂಗ ಅಂತ ನಾ ಎರಡ್ನೇದು ಇಡ್ಲತ್ತೀನಿ. ಔರಾದ, ಭಾಲ್ಕಿ ಕಡಿಯವ್ರು ಮನ್ಯಾಗ ಏನಂತಾರ ಅಷ್ಟು ಬರೀರಿ, ಐದರೊಳಗ.