ಐದನೇ ಕ್ಲಾಸಿನ ಮಗಳಿಗೆ ನವೋದಯದ ಗಣಿತ: ಮನೆಯಲ್ಲೇ ಹೇಗೆ ಕಲಿಸಿದಿರಿ?

ಶನಿವಾರಸಂತೆ ಕಡೆಯ ಒಬ್ಬ ತಾಯಿ ಕೇಳಿದ್ದು

ಮಗಳು ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸು, ಕನ್ನಡ ಮೀಡಿಯಂ. ಗಾಳಿಬೀಡು ನವೋದಯ ವಿದ್ಯಾಲಯದ ಆರನೇ ಕ್ಲಾಸಿಗೆ ಪ್ರವೇಶ ಪರೀಕ್ಷೆ ಬರೆಸಬೇಕು ಅಂತ ಆಸೆ. ನೋಟ್‌ಬುಕ್ಕಿನಲ್ಲಿ ಲೆಕ್ಕ ಸರಿಯಾಗೇ ಮಾಡುತ್ತಾಳೆ. ಹಳೇ ಪ್ರಶ್ನೆಪತ್ರಿಕೆ ಕೊಟ್ಟರೆ ಮಾತ್ರ ಗಣಿತದ 20ರಲ್ಲಿ ಎಂಟೋ ಒಂಬತ್ತೋ ಸರಿ. ಕೋಚಿಂಗ್ ಅಂದರೆ ಕುಶಾಲನಗರಕ್ಕೆ ಕಳಿಸಬೇಕು, ಈ ಮಳೆಯಲ್ಲಿ ಅದು ಆಗದ ಮಾತು. ನಾನು ಪಿಯುಸಿ ಓದಿದ್ದೇನೆ, ಗಣಿತ ಬಿಟ್ಟು ತುಂಬಾ ವರ್ಷ ಆಯಿತು. ಕಾಫಿ ಕುಯ್ಲು ಶುರುವಾದರೆ ಮನೆಯಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ಮಕ್ಕಳಿಗೆ ಈ ಪರೀಕ್ಷೆ ಬರೆಸಿದವರು ದಯವಿಟ್ಟು ಹೇಳಿ. ಎಲ್ಲಿಂದ ಶುರು ಮಾಡಲಿ?

ಪೊನ್ನಂಪೇಟೆ ಕಡೆಯ ಒಬ್ಬ ತಂದೆ

ಅಕ್ಕ, ನನ್ನ ಮಗ ಎರಡು ವರ್ಷದ ಹಿಂದೆ ಬರೆದ. ಅವನಿಗೂ ಶುರುವಿನಲ್ಲಿ ಹೀಗೇ ಆಗುತ್ತಿತ್ತು. ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ, ನೀವು ಮಾಡಬೇಡಿ. ದಿನಕ್ಕೊಂದು ಪೇಪರ್ ಮಾಡಿಸಿದೆ. ಒಂದೂವರೆ ತಿಂಗಳು. ಒಂಬತ್ತು, ಹತ್ತು, ಒಂಬತ್ತು. ಅಂಕ ಅಲ್ಲಿಂದ ಅಲುಗಲೇ ಇಲ್ಲ. ಹುಡುಗ ಪೇಪರ್ ಕಂಡರೆ ಅಳುವ ಹಾಗಾದ.

ಆಮೇಲೆ ಹೊಸ ಪೇಪರ್ ಕೊಡುವುದನ್ನೇ ನಿಲ್ಲಿಸಿದೆ. ಕೊನೆಯ ಮೂರು ಪೇಪರಿನ ತಪ್ಪು ಲೆಕ್ಕಗಳನ್ನು ಮಾತ್ರ ಇಟ್ಟುಕೊಂಡು ಅವನ ಪಕ್ಕ ಕೂತೆ. ಸರಿ, ತಪ್ಪು ಅಂತ ಏನೂ ಹೇಳಲಿಲ್ಲ. ‘ಇದನ್ನು ಹೇಗೆ ಮಾಡಿದೆ, ನನಗೆ ಹೇಳಿಕೊಡು ಮಗ’ ಅಂದೆ, ಅಷ್ಟೆ. ಒಟ್ಟು 32 ತಪ್ಪು ಇತ್ತು. ಅದರಲ್ಲಿ ನಿಜವಾಗಿ ಗೊತ್ತಿಲ್ಲದ ಲೆಕ್ಕ ಏಳೋ ಎಂಟೋ. ಉಳಿದದ್ದೆಲ್ಲ ಪ್ರಶ್ನೆ ಅರ್ಧ ಓದಿದ್ದು, ಕೂಡುವಾಗ ದಶಕ ಬಿಟ್ಟದ್ದು, ಕೊನೆಗೆ ಅವಸರದಲ್ಲಿ ಯಾವುದಕ್ಕೋ ಗುರುತು ಹಾಕಿದ್ದು. ಇವಕ್ಕೆಲ್ಲ ಒಂದೇ ಮದ್ದು ಕೊಟ್ಟರೆ ಆಗುತ್ತಾ? ನಾನು ಅದನ್ನೇ ಮಾಡುತ್ತಿದ್ದೆ.

ಗೊತ್ತಿಲ್ಲದ್ದರಲ್ಲಿ ಮುಖ್ಯವಾದದ್ದು ದಶಮಾಂಶ. ನಾನು ತೋಟದಲ್ಲಿ ರೈಟರ್. ಬೆಳಿಗ್ಗೆ ಮಳೆ ಅಳೆದು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ನಮ್ಮಲ್ಲಿ ಮಳೆ ಲೆಕ್ಕ ಇಂಚು, ಸೆಂಟಿನಲ್ಲಿ ತಾನೆ, ನೂರು ಸೆಂಟಿಗೆ ಒಂದು ಇಂಚು. ಒಂದು ಭಾನುವಾರ ಮಗನನ್ನೂ ಕರೆದುಕೊಂಡು ಹೋದೆ. ಎರಡು ಇಂಚು ಐದು ಸೆಂಟ್ ಬಂದಿತ್ತು. ‘ಬರಿ’ ಅಂದೆ. 2.5 ಅಂತ ಬರೆದ. ‘ಹಾಗಾದರೆ ಎರಡು ಇಂಚು ಐವತ್ತು ಸೆಂಟ್ ಬಂದರೆ?’ ಅಂದೆ. ಪೆನ್ಸಿಲ್ ಕಚ್ಚಿಕೊಂಡು ಸುಮ್ನೆ ನಿಂತ. ಸ್ವಲ್ಪ ಹೊತ್ತಾದ ಮೇಲೆ ಅವನೇ ಹೊಡೆದುಹಾಕಿ 2.05 ಅಂತ ಬರೆದ. ಆ ಸೊನ್ನೆ ಯಾಕೆ ಬೇಕು ಅಂತ ಅವತ್ತಿಂದ ಅವನಿಗೆ ಯಾರೂ ಹೇಳಬೇಕಾಗಿ ಬರಲಿಲ್ಲ.

ಅದೇ ಪುಸ್ತಕದಿಂದ ಕೂಡುವ ಲೆಕ್ಕ ಕೊಟ್ಟೆ. 2.05ಕ್ಕೆ 3.4 ಕೂಡು ಅಂದರೆ ಮೊದಲು ಬಲಗಡೆ ಅಂಚು ಹೊಂದಿಸಿ 2.39 ಅನ್ನುತ್ತಿದ್ದ. ‘ಎರಡು ದಿನದ ಮಳೆ ಸೇರಿ ಎರಡನೇ ದಿನದ ಮಳೆಗಿಂತ ಕಮ್ಮಿ ಆಯ್ತಾ?’ ಅಂದಾಗ ತಾನೇ ಚುಕ್ಕಿಯ ಕೆಳಗೆ ಚುಕ್ಕಿ ಇಟ್ಟು 5.45 ತಂದ. ಆಮೇಲೆ ಇಂಚನ್ನು ಮಿಲಿಮೀಟರ್ ಮಾಡುವುದು. ಒಂದು ಇಂಚಿಗೆ 25.4. ಮೂರು ದಿನಕ್ಕೆ 6.3 ಇಂಚು ಬಂದಿದ್ದರೆ ಎಷ್ಟು? ಗುಣಿಸುವ ಮೊದಲು ಅಂದಾಜು ಹೇಳಿಸುತ್ತಿದ್ದೆ. ಆರು ಇಪ್ಪತ್ತೈದಲ ನೂರೈವತ್ತು. ಹಾಗಾಗಿ ಉತ್ತರ 160.02 ಇರಬಹುದು, 16.002 ಆಗಲೀ 1600.2 ಆಗಲೀ ಆಗಲು ಸಾಧ್ಯವೇ ಇಲ್ಲ. ನಾಲ್ಕು ಆಯ್ಕೆ ಕೊಟ್ಟಿರುವ ಪರೀಕ್ಷೆಯಲ್ಲಿ ಈ ಅಂದಾಜು ಅವನನ್ನು ಎಷ್ಟೋ ಸಲ ಕಾಪಾಡಿದೆ.

ಇನ್ನು ಸಮಯ. ಗಣಿತ 20 ಪ್ರಶ್ನೆ, 25 ಅಂಕ, 30 ನಿಮಿಷ. ಒಂದು ಲೆಕ್ಕಕ್ಕೆ ಒಂದೂವರೆ ನಿಮಿಷ ಸಿಗುತ್ತದೆ, ಅದೇನೂ ಕಮ್ಮಿ ಅಲ್ಲ. ಈಗಲೇ ಗಡಿಯಾರ ಇಡಬೇಡಿ. ಹೊಸ ಪಾಠ ಎಲ್ಲ ಹುತ್ತರಿ ಹಬ್ಬದ ಒಳಗೆ ಮುಗಿಸಿ. ಪರೀಕ್ಷೆ ಬರುವುದು ಡಿಸೆಂಬರ್ ಇಲ್ಲ ಜನವರಿಯಲ್ಲಿ, ಕುಯ್ಲಿನ ಸಮಯಕ್ಕೇ. ಆಗ ಹೊಸದು ಕಲಿಸಲು ನಮ್ಮಂಥವರಿಂದ ಆಗುವುದಿಲ್ಲ. ದಿನಕ್ಕೆ ಅರ್ಧ ಗಂಟೆ ಪುನರಾವರ್ತನೆ ಮಾತ್ರ, ಅದೂ ಗಡಿಯಾರ ಇಟ್ಟು.

ಮಡಿಕೇರಿಯ ಒಬ್ಬ ನಿವೃತ್ತ ಶಿಕ್ಷಕಿ

ಮೇಲೆ ಹೇಳಿದ್ದು ನೂರಕ್ಕೆ ನೂರು ಸರಿ. ಪ್ರಶ್ನೆ ಓದುವ ವಿಷಯದಲ್ಲಿ ನಾನೊಂದು ಮಾತು ಸೇರಿಸುತ್ತೇನೆ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮಕ್ಕಳ ಮನೆಮಾತು ಕೊಡವ, ಅರೆಭಾಷೆ, ಮಲಯಾಳ. ಶಾಲೆಯ ಕನ್ನಡ ಬರುತ್ತದೆ, ಆದರೆ ‘ಅಸಲು’, ‘ಕೊಂಡ ಬೆಲೆ’, ‘ಸುತ್ತಳತೆ’ ಇಂಥವು ಪ್ರಶ್ನೆಯೊಳಗೆ ಬಂದಾಗ ತಡವರಿಸುತ್ತಾರೆ. ಲೆಕ್ಕ ಬರುವುದಿಲ್ಲ ಅಂತ ನಾವು ಬೈಯುತ್ತೇವೆ. ಪಾಪ, ಅರ್ಥವೇ ಆಗಿರುವುದಿಲ್ಲ.

ಒಂದು ಲೆಕ್ಕ ನೋಡಿ. ‘ಒಂದು ವಸ್ತುವನ್ನು 240 ರೂಪಾಯಿಗೆ ಮಾರಿದಾಗ ಶೇಕಡಾ 20 ಲಾಭವಾಯಿತು. ಕೊಂಡ ಬೆಲೆ ಎಷ್ಟು?’ ಮಗು ಏನು ಮಾಡುತ್ತದೆ? 240ರ ಶೇಕಡಾ 20 ಅಂದರೆ 48, ಕಳೆದು 192. ಆಯ್ಕೆಗಳಲ್ಲಿ 192 ಕಾಯುತ್ತಾ ಕೂತಿರುತ್ತದೆ! ಮಗುವಿಗೆ ಪೂರ್ತಿ ಧೈರ್ಯ, ಸರಿ ಮಾಡಿದೆ ಅಂತ. ಲಾಭ ಲೆಕ್ಕ ಹಾಕುವುದು ಕೊಂಡ ಬೆಲೆ ಮೇಲೆ. ನೂರು ಕೊಟ್ಟು ಕೊಂಡದ್ದು ನೂರಿಪ್ಪತ್ತಕ್ಕೆ ಹೋಯಿತು, ಹಾಗಾದರೆ 240ಕ್ಕೆ ಹೋದದ್ದನ್ನು ಎಷ್ಟಕ್ಕೆ ಕೊಂಡದ್ದು? ಇನ್ನೂರು. ಬಂದ ಉತ್ತರವನ್ನು ತಿರುಗಿ ಪ್ರಶ್ನೆಯೊಳಗೆ ಹಾಕಿ ನೋಡುವ ಅಭ್ಯಾಸ ಮಾಡಿಸಿ. 192ಕ್ಕೆ ಶೇಕಡಾ 20 ಸೇರಿಸಿದರೆ 230 ರೂಪಾಯಿ 40 ಪೈಸೆ, 240 ಅಲ್ಲ. ಅಲ್ಲೇ ಗೊತ್ತಾಗುತ್ತದೆ.

ಪ್ರಶ್ನೆಯನ್ನು ಜೋರಾಗಿ ಓದಿಸಿ. ಆಮೇಲೆ ಪುಸ್ತಕ ಮುಚ್ಚಿ, ಮನೆಮಾತಿನಲ್ಲೇ ಹೇಳಲಿ: ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ. ಇದಾದ ಮೇಲೇ ಪೆನ್ಸಿಲ್.

ಭಿನ್ನರಾಶಿ ಕಷ್ಟವಾದರೆ ಶಾಲೆಯಲ್ಲಿ ಕೇಳಿ. ಅನೇಕ ಸರ್ಕಾರಿ ಶಾಲೆಗಳಿಗೆ ಗಣಿತ ಕಲಿಕಾ ಆಂದೋಲನದ ಕಿಟ್ ಕೊಟ್ಟಿದ್ದಾರೆ. ಅದರಲ್ಲಿ ಭಿನ್ನರಾಶಿಯ ಪಟ್ಟಿಗಳಿರುತ್ತವೆ. ಆರನೇ ಒಂದಕ್ಕಿಂತ ಎಂಟನೇ ಒಂದು ದೊಡ್ಡದು ಅನ್ನುವ ಮಗುವಿನ ಕೈಗೆ ಆ ಎರಡು ಪಟ್ಟಿ ಕೊಟ್ಟರೆ ಸಾಕು.

ಕೂಡಿಗೆ ಹತ್ತಿರದಿಂದ

ಕೂಡಿಗೆಯ ಸೈನಿಕ ಶಾಲೆಯ ಪರೀಕ್ಷೆಯನ್ನೂ ನೋಡಿ ಅಕ್ಕ, ಹೆಣ್ಣುಮಕ್ಕಳನ್ನೂ ತೆಗೆದುಕೊಳ್ಳುತ್ತಾರೆ. ಅಲ್ಲಿ ಆರನೇ ಕ್ಲಾಸಿಗೆ 300 ಅಂಕದ ಪೇಪರ್, ಗಣಿತಕ್ಕೇ 150. 50 ಪ್ರಶ್ನೆ, ಒಂದಕ್ಕೆ ಮೂರು ಅಂಕ. ಕನ್ನಡದಲ್ಲೂ ಬರೆಯಬಹುದು. ಇಪ್ಪತ್ತರ ತನಕ ಮಗ್ಗಿ ಬಾಯಿಗೆ ಬರಲಿ. ನನ್ನ ಮಗಳಿಗೆ ಶಾಲೆಗೆ ನಡೆದು ಹೋಗುವಾಗ ಹೇಳಿಸುತ್ತಿದ್ದೆ.

ವಿರಾಜಪೇಟೆಯ ಒಬ್ಬ ತಾಯಿ

ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ, ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ. ದೊಡ್ಡ ಮಗಳು ಪರೀಕ್ಷೆಯಲ್ಲಿ ಒಂದು ಕಷ್ಟದ ಲೆಕ್ಕ ಬಿಟ್ಟಳು. ಆದರೆ ಉತ್ತರದ ಗುಂಡಿ ತುಂಬುವ ಓಎಂಆರ್ ಹಾಳೆಯಲ್ಲಿ ಆ ಸಾಲು ಬಿಡಲಿಲ್ಲ. ಮುಂದಿನ ಉತ್ತರಗಳೆಲ್ಲ ಒಂದೊಂದು ಸಾಲು ಮೇಲೆ ಹೋದವು. ಗೊತ್ತಾಗುವಾಗ ಹತ್ತು ನಿಮಿಷ ಉಳಿದಿತ್ತು. ಬಾಲ್ ಪೆನ್ನಿನಲ್ಲಿ ತುಂಬಿದ್ದನ್ನು ತಿದ್ದುವ ಹಾಗಿಲ್ಲ. ನವೋದಯ ಒಂದೇ ಸಲ ಬರೆಯುವ ಪರೀಕ್ಷೆ, ಮುಂದಿನ ವರ್ಷ ನೋಡೋಣ ಅನ್ನುವುದಕ್ಕೂ ಇಲ್ಲ.

ಎರಡನೆಯವಳಿಗೆ ಪ್ರತಿ ಪೇಪರನ್ನೂ ಓಎಂಆರ್ ಹಾಳೆಯಲ್ಲೇ, ಪೆನ್ನಿನಲ್ಲೇ ಮಾಡಿಸಿದೆ. ಪ್ರಶ್ನೆ ನಂಬರ್ ಬಾಯಲ್ಲಿ ಹೇಳಿಕೊಂಡು ಗುಂಡಿ ತುಂಬುವುದು, ಐದು ಪ್ರಶ್ನೆಗೊಮ್ಮೆ ಬೆರಳಿಟ್ಟು ನೋಡುವುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಬಿಟ್ಟ ಲೆಕ್ಕಗಳಿಗೂ ಕೊನೆಯಲ್ಲಿ ಯಾವುದಾದರೂ ಒಂದು ತುಂಬಿ ಬರಲು ಹೇಳಿ.

ಶನಿವಾರಸಂತೆಯ ತಾಯಿ

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಕರೆಂಟ್ ಇರಲಿಲ್ಲ. ಮೇಣದ ಬತ್ತಿ ಇಟ್ಟುಕೊಂಡು ಹನ್ನೊಂದು ತಪ್ಪು ಲೆಕ್ಕ ಜೋರಾಗಿ ಓದಿಸಿದೆ. ನಾನು ಬಾಯಿ ತೆರೆಯುವ ಮೊದಲೇ ನಾಲ್ಕನ್ನು ಅವಳೇ ಸರಿ ಮಾಡಿದಳು. ಒಂದರಲ್ಲಿ ಸುತ್ತಳತೆ ಕೇಳಿದ್ದರೆ ವಿಸ್ತೀರ್ಣ ಕಂಡುಹಿಡಿದಿದ್ದಳು. ‘ಅಯ್ಯೋ ಅಮ್ಮ, ಬೇಲಿ ಹಾಕಲು ಕೇಳಿದ್ದಾರೆ’ ಅಂತ ತಲೆ ಚಚ್ಚಿಕೊಂಡಳು. ದಶಮಾಂಶ ಮಾತ್ರ ನಿಮ್ಮ ಮಗನ ಹಾಗೇ. ಅಣ್ಣ, ನಮ್ಮ ಮನೆಯಲ್ಲಿ ಮಳೆ ಅಳೆಯುವ ಮಾಪನ ಇಲ್ಲ, ಏನು ಮಾಡಲಿ?

ಪೊನ್ನಂಪೇಟೆಯ ತಂದೆ

ಮಾಪನ ಬೇಡ ಅಕ್ಕ. ಮೇಲಿಂದ ಕೆಳಗಿನ ತನಕ ಒಂದೇ ಅಗಲ ಇರುವ ಡಬ್ಬ ಸಾಕು. ಸೂರಿನ ನೀರು, ಮರದ ಹನಿ ಬೀಳದ ಕಡೆ ಅಂಗಳದಲ್ಲಿಡಿ. ಬೆಳಿಗ್ಗೆ ಸ್ಕೇಲ್ ಇಳಿಸಿ ನೋಡಿ. ಸ್ಕೇಲಿನಲ್ಲಿ ಇಂಚಿಗೆ ನೂರು ಗೆರೆ ಇರುವುದಿಲ್ಲ, ಅದಕ್ಕೆ ಸೆಂಟಿಮೀಟರ್ ಕಡೆಯಿಂದಲೇ ಅಳೆಯಲಿ. ಮೂರು ಸೆಂಟಿಮೀಟರ್, ಏಳು ಗೆರೆ ಅಂದರೆ 3.7. ಪುಸ್ತಕದಲ್ಲಿ ಅವಳೇ ಬರೆಯಲಿ.