ರೇಟಿಂಗ್ ನಿಂತಿದ್ದ ಹದಿನೇಳು ತಿಂಗಳೂ ಚಾನೆಲ್ ಚರ್ಚೆ ಬದಲಾಗಲಿಲ್ಲ, ಯಾಕೆ?

ಸಂಜೆಗಣ್ಣು (ಪ್ರಶ್ನೆ):

ರಾತ್ರಿ ಒಂಬತ್ತರ ಚರ್ಚೆಗಳು ಕೂಗಾಟವಾಗಿರುವುದಕ್ಕೆ ಎಲ್ಲರೂ ಟಿಆರ್‌ಪಿಯನ್ನೇ ದೂರುತ್ತಾರೆ. ಆದರೆ 2020ರ ಅಕ್ಟೋಬರ್ 8ರಂದು ಮುಂಬೈ ಪೊಲೀಸರು ರೇಟಿಂಗ್ ತಿರುಚಿದ ಆರೋಪದ ಪ್ರಕರಣವನ್ನು ಹೊರಗೆ ತಂದ ಮೇಲೆ, ಅದೇ ತಿಂಗಳ 15ರಂದು ಟಿವಿ ವೀಕ್ಷಣೆ ಅಳೆಯುವ ಸಂಸ್ಥೆ ಬಾರ್ಕ್ ಸುದ್ದಿ ಚಾನೆಲ್‌ಗಳ ವಾರದ ಅಂಕಿಗಳನ್ನೇ ನಿಲ್ಲಿಸಿತು. ಮತ್ತೆ ಕೊಡಲು ಶುರುಮಾಡಿದ್ದು 2022ರ ಮಾರ್ಚ್ 17ಕ್ಕೆ. ಅಷ್ಟೂ ದಿನ ಗೆದ್ದವರು ಯಾರು, ಸೋತವರು ಯಾರು ಅಂತ ಹೇಳುವ ಅಂಕಿಯೇ ಇರಲಿಲ್ಲ. ಆದರೂ ಪರದೆಯ ಮೇಲೆ ಅತಿಥಿಗಳ ಅದೇ ಎಂಟು ಕಿಟಕಿ, ಅದೇ ಅಬ್ಬರ.

ಹಾಗಾದರೆ ರೇಟಿಂಗ್ ಲೆಕ್ಕಕ್ಕೆ ಮನೆಗಳಲ್ಲಿ ಇಟ್ಟಿರುವ ಮೀಟರ್ ನಿಜಕ್ಕೂ ಏನನ್ನು ಅಳೆಯುತ್ತದೆ? ಅದರ ಅಂಕಿ ಹೊರಬರದಿದ್ದಾಗಲೂ ಈ ಮಾದರಿಯನ್ನು ಹಿಡಿದು ನಿಲ್ಲಿಸಿದ್ದು ಯಾವುದು? ಒಳಗಿನ ಲೆಕ್ಕ ಗೊತ್ತಿರುವವರು ಬಿಡಿಸಿ ಹೇಳಿ.

ಅಂಕಿಗಂಟು:

ಮೀಟರ್ ವಿಷಯ ನಾನು ಹೇಳುತ್ತೇನೆ. ದೇಶದಲ್ಲಿ ಟಿವಿ ಇರುವ ಮನೆಗಳು ಸುಮಾರು 23 ಕೋಟಿ. ಬಾರ್ಕ್ ಮೀಟರ್ ಕೂತಿರುವುದು ಸುಮಾರು 58,000 ಮನೆಗಳಲ್ಲಿ. ಅಂದರೆ ಹೆಚ್ಚುಕಮ್ಮಿ ನಾಲ್ಕು ಸಾವಿರ ಮನೆಗಳ ಪರವಾಗಿ ಒಂದು ಮನೆ ಟಿವಿ ನೋಡುತ್ತದೆ. ಚಾನೆಲ್‌ನ ಧ್ವನಿಯೊಳಗೆ ಕಿವಿಗೆ ಕೇಳದಂಥ ಒಂದು ಗುರುತು ಸೇರಿಸಿರುತ್ತಾರೆ, ವಾಟರ್‌ಮಾರ್ಕ್ ಅಂತ. ಮೀಟರ್ ಹಿಡಿಯುವುದು ಅದನ್ನು. ಯಾರು ನೋಡುತ್ತಿದ್ದಾರೆ ಅನ್ನುವುದಕ್ಕೆ ಮಾತ್ರ ಮನೆಯವರನ್ನೇ ನಂಬಬೇಕು. ರಿಮೋಟಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಗುಂಡಿ ಇರುತ್ತದೆ, ಕೂತಾಗ ಒತ್ತಬೇಕು, ಎದ್ದಾಗ ಮತ್ತೆ ಒತ್ತಬೇಕು. ಅಜ್ಜಿ ಗುಂಡಿ ಒತ್ತಿ ಕೂತವರು ಮರೆತು ಒಳಗೆ ಹೋಗಿ ಮಲಗಿದರೂ ಲೆಕ್ಕದಲ್ಲಿ ಅವರು ಚರ್ಚೆ ನೋಡುತ್ತಲೇ ಇರುತ್ತಾರೆ.

ಇನ್ನು ಅಂಕಿ. ಈಗ ಬಳಕೆಯಲ್ಲಿರುವುದು ಎಎಂಎ, ಅಂದರೆ ಪ್ರತಿ ನಿಮಿಷ ಎಷ್ಟು ಜನ ಇದ್ದರು ಅನ್ನುವುದರ ಸರಾಸರಿ. ಅರ್ಧ ಗಂಟೆಯ ಕಾರ್ಯಕ್ರಮಕ್ಕೆ 2 ಲಕ್ಷ ಜನ ಬಂದು ತಲಾ 15 ನಿಮಿಷ ನೋಡಿದರೆ ಎಎಂಎ 1 ಲಕ್ಷ. 1 ಲಕ್ಷ ಜನರೇ ಬಂದು ಪೂರ್ತಿ 30 ನಿಮಿಷ ಕೂತರೂ ಅದೇ 1 ಲಕ್ಷ. ಹೊಸ ಪ್ರೇಕ್ಷಕರನ್ನು ಕರೆತರುವುದು ಕಷ್ಟದ ಕೆಲಸ. ಬಂದವರನ್ನು ಎದ್ದುಹೋಗದಂತೆ ಹಿಡಿದಿಡುವುದು ಸುಲಭ. ಮುಗಿಯದ ಜಗಳ ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ, ಯಾಕೆಂದರೆ ಉತ್ತರ ಸಿಕ್ಕ ಕ್ಷಣವೇ ಜನ ಚಾನೆಲ್ ಬದಲಿಸುತ್ತಾರೆ. ನಿರೂಪಕರು ಪ್ರಶ್ನೆ ಕೇಳಿ ಉತ್ತರ ಪೂರ್ತಿ ಬರಲು ಬಿಡದಿರುವುದರ ಹಿಂದೆ ಈ ಗಣಿತವಿದೆ.

ಸುದ್ದಿ ಚಾನೆಲ್‌ಗೆ ದೊಡ್ಡ ತೊಂದರೆ ಸಣ್ಣ ಸ್ಯಾಂಪಲ್. ಒರಟು ಲೆಕ್ಕಕ್ಕೆ ಮೀಟರ್ ಮನೆಗಳಲ್ಲಿ ನೋಡಿದವರ ಸಂಖ್ಯೆಯ ವರ್ಗಮೂಲ ತೆಗೆದು, 2ನ್ನು ಅದರಿಂದ ಭಾಗಿಸಿ. 100 ಜನ ನೋಡಿದ್ದರೆ ಅಂಕಿ ಶೇ 20ರಷ್ಟು ಅತ್ತಿತ್ತ ಇರಬಹುದು. 25 ಜನವಾದರೆ ಶೇ 40. ಇಬ್ಬರು ಎದುರಾಳಿಗಳ ನಡುವಿನ ವ್ಯತ್ಯಾಸ ಶೇ 10 ಇದ್ದಾಗ ‘ನಾವೇ ನಂಬರ್ ಒನ್’ ಅನ್ನುವುದಕ್ಕೆ ಅರ್ಥವೇ ಇಲ್ಲ. ಅಷ್ಟು ಚಿಕ್ಕ ಸಂಖ್ಯೆಯಲ್ಲಿ ಹತ್ತಿಪ್ಪತ್ತು ಮನೆಗಳನ್ನು ದುಡ್ಡು ಕೊಟ್ಟು ಒಲಿಸಿಕೊಂಡರೂ ಪಟ್ಟಿ ತಲೆಕೆಳಗಾಗುತ್ತದೆ. 2022ರಲ್ಲಿ ಅಂಕಿ ಮರಳಿದಾಗ ಸುದ್ದಿಗೆ ವಾರದ ಲೆಕ್ಕ ಬಿಟ್ಟು ನಾಲ್ಕು ವಾರಗಳ ಸರಾಸರಿ ತಂದದ್ದು ಈ ಏರಿಳಿತ ತಗ್ಗಿಸಲಿಕ್ಕೆ.

ತಂತಿಜಾಲ:

ಅಂಕಿಗಂಟು ಹೇಳಿದ್ದು ಸರಿಯಿದೆ, ಆದರೆ ಮೂಲ ಪ್ರಶ್ನೆಗೆ ಉತ್ತರ ಮೀಟರಿನಲ್ಲಿ ಸಿಗುವುದಿಲ್ಲ. ದುಡ್ಡು ಬರುವ ದಾರಿ ನೋಡಿ.

ಮನರಂಜನೆ, ಕ್ರೀಡಾ ಚಾನೆಲ್‌ಗಳಿಗೆ ಚಂದಾ ಹಣ ಬರುತ್ತದೆ. ಸುದ್ದಿ ಚಾನೆಲ್‌ಗಳಲ್ಲಿ ಬಹುಪಾಲು ಉಚಿತ, ಇಲ್ಲವೇ ತೀರಾ ಕಡಿಮೆ ಬೆಲೆಯವು. 2019ರ ಫೆಬ್ರುವರಿ 1ರಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಹೊಸ ದರ ಪದ್ಧತಿ ಬಂದು, ಚಾನೆಲ್‌ಗೊಂದು ಬೆಲೆ ಬರೆದು ಪ್ರೇಕ್ಷಕರೇ ಆರಿಸುವಂತಾದಾಗಲೂ ಸುದ್ದಿಯವರು ಬೆಲೆ ಏರಿಸುವ ಧೈರ್ಯ ಮಾಡಲಿಲ್ಲ. ತಿರುಗಿ ಅವರೇ ಕೇಬಲ್ ಕಂಪನಿಗೆ ಕ್ಯಾರೇಜ್ ಶುಲ್ಕ, ಅಂದರೆ ಚಾನೆಲ್ಲನ್ನು ಮನೆಗೆ ತಲುಪಿಸುವ ಶುಲ್ಕ ಕಟ್ಟಬೇಕು. 2017ರ ನಿಯಮದಲ್ಲಿ ಎಸ್‌ಡಿ (ಎಚ್‌ಡಿ ಅಲ್ಲದ ಸಾಮಾನ್ಯ) ಚಾನೆಲ್‌ಗೆ ಅದರ ಮಿತಿ ತಿಂಗಳಿಗೆ ಸಂಪರ್ಕವೊಂದಕ್ಕೆ 20 ಪೈಸೆ. 10 ಲಕ್ಷ ಸಂಪರ್ಕದ ಒಬ್ಬ ಆಪರೇಟರ್‌ಗೆ ಗರಿಷ್ಠ 2 ಲಕ್ಷ ರೂಪಾಯಿ. ಇಂಥ ಆಪರೇಟರ್‌ಗಳು ಹಲವರು. ಇದರ ಮೇಲೆ ಲ್ಯಾಂಡಿಂಗ್ ಪೇಜ್. ಸೆಟ್‌ಟಾಪ್ ಬಾಕ್ಸ್ ಆನ್ ಮಾಡಿದ ಕೂಡಲೇ ಕಾಣುವ ಮೊದಲ ಚಾನೆಲ್‌ನ ಜಾಗವನ್ನೂ ಮಾರುತ್ತಾರೆ. ಮೀಟರ್ ಮನೆಯ ಬಾಕ್ಸೂ ಅಲ್ಲೇ ತೆರೆದುಕೊಳ್ಳುವುದರಿಂದ ಅಂಕಿ ಉಬ್ಬುತ್ತದೆ. ಬಾರ್ಕ್ ಇಂಥ ಅಸಹಜ ಏರಿಕೆಯನ್ನು ಸೋಸುವ ವ್ಯವಸ್ಥೆ ಇಟ್ಟುಕೊಂಡಿದೆ, ಆದರೂ ಆ ಜಾಗಕ್ಕೆ ಗಿರಾಕಿ ತಪ್ಪಿಲ್ಲ.

ಉಳಿದದ್ದು ಜಾಹೀರಾತು. ಹತ್ತು ಸೆಕೆಂಡಿನ ಲೆಕ್ಕದಲ್ಲಿ ಮಾರಾಟ. ಗಂಟೆಗೆ 12 ನಿಮಿಷದ ಮಿತಿಯಿದೆ, 10 ನಿಮಿಷ ಜಾಹೀರಾತು, 2 ನಿಮಿಷ ಸ್ವಂತ ಪ್ರಚಾರ. ಅಂದರೆ ಗಂಟೆಗೆ ಮಾರಬಹುದಾದದ್ದು 60 ತುಂಡು. ಸುದ್ದಿ ಪ್ರಸಾರಕರು ಈ ಮಿತಿಯನ್ನು 2013ರಲ್ಲೇ ದೆಹಲಿ ಹೈಕೋರ್ಟ್‌ನಲ್ಲಿ ಪ್ರಶ್ನಿಸಿ, ಮಿತಿ ಮೀರಿದರೂ ಬಲವಂತದ ಕ್ರಮ ಆಗದಂತೆ ಆದೇಶ ಪಡೆದರು. ಸುದ್ದಿಯ ನಡುವೆ ಇಷ್ಟುದ್ದ ಬ್ರೇಕ್ ಬರುವುದಕ್ಕೆ ಅದೂ ಒಂದು ಕಾರಣ. ಸುದ್ದಿ ಚಾನೆಲ್‌ಗೆ ದೊಡ್ಡ ಜಾಹೀರಾತುದಾರರಲ್ಲಿ ಸರ್ಕಾರವೂ ಒಂದು. ಕೇಂದ್ರದ್ದು ಅದರ ಜಾಹೀರಾತು ಸಂಸ್ಥೆ ಸಿಬಿಸಿ ಮೂಲಕ, ಕರ್ನಾಟಕದ್ದು ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಮೂಲಕ. ಯಾವ ವಿಷಯ ಚರ್ಚೆಗೆ ಬಂತು ಅನ್ನುವುದಕ್ಕಿಂತ ಯಾವುದು ಬರಲೇ ಇಲ್ಲ ಅನ್ನುವುದನ್ನು ಪಟ್ಟಿ ಮಾಡಿ ನೋಡಿದರೆ ಈ ಮಾತಿನ ತೂಕ ತಿಳಿಯುತ್ತದೆ.

ಈಗ ಖರ್ಚು. ಒಂದು ತಾಲ್ಲೂಕಿನ ಕುಡಿಯುವ ನೀರಿನ ವರದಿಗೆ ವರದಿಗಾರ, ಕ್ಯಾಮೆರಾಮನ್, ಗಾಡಿ, ಎರಡು ದಿನ, ಎಡಿಟಿಂಗ್ ಬೇಕು. ಸಿಗುವುದು ಐದಾರು ನಿಮಿಷ. ಅದೇ ಚರ್ಚೆಗೆ ಒಬ್ಬ ನಿರೂಪಕ, ವಿಡಿಯೊ ಕರೆಯಲ್ಲಿ ಆರೇಳು ಅತಿಥಿಗಳು. ಪಕ್ಷದ ವಕ್ತಾರರು ಸಂಭಾವನೆ ಕೇಳುವುದಿಲ್ಲ, ಅವರಿಗೆ ಪರದೆಯೇ ಸಂಭಾವನೆ. ಸಿಗುವುದು ಪೂರ್ತಿ ಒಂದು ಗಂಟೆ. ರೇಟಿಂಗ್ ನಿಂತಾಗ ಈ ಖರ್ಚಿನ ಲೆಕ್ಕ ಒಂದಿಷ್ಟೂ ಬದಲಾಗಲಿಲ್ಲ. ಕೂಗಾಟ ಉಳಿದದ್ದು ಅದಕ್ಕೆ.

ತುಣುಕುತೆರೆ:

ಮೇಲಿನ ಇಬ್ಬರೂ ಒಂದನ್ನು ಬಿಟ್ಟಿದ್ದೀರಿ. ಬಾರ್ಕ್ ಅಂಕಿ ನಿಂತಿತ್ತು, ಯೂಟ್ಯೂಬ್‌ದು ನಿಂತಿರಲಿಲ್ಲ.

2012ರಲ್ಲಿ ಯೂಟ್ಯೂಬ್ ಎಷ್ಟು ಜನ ಒತ್ತಿದರು ಅನ್ನುವುದನ್ನು ಬಿಟ್ಟು ಎಷ್ಟು ಹೊತ್ತು ನೋಡಿದರು ಅನ್ನುವುದಕ್ಕೆ ಮಹತ್ವ ಕೊಟ್ಟಿತು. 2020ರ ಜುಲೈಯಲ್ಲಿ, ಅಂದರೆ ರೇಟಿಂಗ್ ನಿಲ್ಲುವ ಮೂರು ತಿಂಗಳ ಮೊದಲು, ವಿಡಿಯೊದ ನಡುವೆ ಜಾಹೀರಾತು ಹಾಕಲು ಬೇಕಿದ್ದ ಉದ್ದವನ್ನು 10 ನಿಮಿಷದಿಂದ 8ಕ್ಕೆ ಇಳಿಸಿತು. ಜಾಹೀರಾತಿನ ಹಣದಲ್ಲಿ ಶೇ 55 ಚಾನೆಲ್‌ಗೆ. ಅಂದಮೇಲೆ 50 ನಿಮಿಷದ ಒಂದು ಚರ್ಚೆಯನ್ನು ಎಂಟೂಕಾಲು ನಿಮಿಷದ ಐದಾರು ತುಂಡು ಮಾಡಬಹುದು, ಅದರಲ್ಲಿ ಅತ್ಯಂತ ಬಿಸಿಯಾದ 40 ಸೆಕೆಂಡನ್ನು ಶಾರ್ಟ್ಸ್‌ಗೆ ಹಾಕಬಹುದು. ತಾಲ್ಲೂಕಿನ ನೀರಿನ ವರದಿಯನ್ನು ಹೀಗೆ ಕತ್ತರಿಸಲು ಬರುವುದಿಲ್ಲ.

ಕತ್ತರಿಸುವಾಗ ಮೊದಲು ಹೋಗುವುದು ಪ್ರಶ್ನೆ. ಅತಿಥಿ ‘ಹೌದು, ಅದನ್ನು ಮುಚ್ಚಲೇಬೇಕು’ ಅಂದದ್ದಷ್ಟೇ ಉಳಿಯುತ್ತದೆ, ಯಾವುದನ್ನು ಅನ್ನುವುದು ಕಳೆದುಹೋಗುತ್ತದೆ. ಆಮೇಲೆ ಥಂಬ್‌ನೇಲ್: ಇಬ್ಬರ ಬಾಯಿ ತೆರೆದ ಮುಖ, ಹಳದಿ ಅಕ್ಷರ, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ. ‘ಸಚಿವರ ರಾಜೀನಾಮೆ?’ ಅಂತ ಹಾಕಿದರೆ ಸುದ್ದಿ ಸುಳ್ಳಾದರೂ ‘ನಾವು ಕೇಳಿದ್ದಷ್ಟೇ’ ಅಂತ ಜಾರಿಕೊಳ್ಳಬಹುದು. ಪ್ರಶ್ನಾರ್ಥಕ ಚಿಹ್ನೆ ಇರುವ ಶೀರ್ಷಿಕೆಯನ್ನು, ಇನ್ನೂ ದೃಢವಾಗದ ಸುದ್ದಿ ಅಂತಲೇ ಓದಿಕೊಳ್ಳಿ.

ಫೇಸ್‌ಬುಕ್ 2017ರಲ್ಲಿ ಎಮೋಜಿ ಪ್ರತಿಕ್ರಿಯೆಗಳಿಗೆ ಲೈಕ್‌ನ ಐದು ಪಟ್ಟು ತೂಕ ಕೊಟ್ಟಿತ್ತು, ಅದರಲ್ಲಿ ಕೋಪದ ಮುಖವೂ ಸೇರಿತ್ತು. ಆ ಕೋಪದ ತೂಕವನ್ನು ಸೊನ್ನೆ ಮಾಡಿದ್ದು 2020ರಲ್ಲಿ. ಮೂರು ವರ್ಷ ಸಿಟ್ಟು ಬರಿಸುವ ಪೋಸ್ಟ್‌ಗೆ ಹೆಚ್ಚು ಕಣ್ಣು ಸಿಗುತ್ತಿತ್ತು. ಪಕ್ಷಗಳ ಐಟಿ ವಿಭಾಗಗಳಾಗಲಿ ಚಾನೆಲ್‌ಗಳಾಗಲಿ ಅದನ್ನು ಗಮನಿಸದೆ ಇರುತ್ತಾರೆಯೇ?

ಚುನಾವಣೆ ಹೊತ್ತಿಗೆ ಮೆಟಾದ ಆಡ್ ಲೈಬ್ರರಿ ಬಳಸಿ. ದೇಶ ಭಾರತ, ವರ್ಗ ಚುನಾವಣೆ ಮತ್ತು ರಾಜಕೀಯ ಅಂತ ಆರಿಸಿ ಪುಟದ ಹೆಸರು ಹುಡುಕಿದರೆ, ಹಣ ಕೊಟ್ಟವರ ಹೆಸರು, ಖರ್ಚಿನ ಅಂದಾಜು ಮಿತಿ, ಯಾವ ವಯಸ್ಸಿನವರಿಗೆ ತೋರಿಸಿದರು ಎಲ್ಲ ಸಿಗುತ್ತದೆ. ಏಳು ವರ್ಷ ಇಟ್ಟಿರುತ್ತಾರೆ. ಆದರೆ ಇನ್‌ಫ್ಲುಯೆನ್ಸರ್‌ಗೆ ಹೊರಗಿಂದ ದುಡ್ಡು ಕೊಟ್ಟು ಮಾಡಿಸಿದ ರೀಲ್ಸ್ ಮತ್ತು ವಾಟ್ಸಾಪ್ ಗುಂಪಿನ ಸಂದೇಶ ಅಲ್ಲಿ ಕಾಣುವುದಿಲ್ಲ. ಆ ಪುಟದಲ್ಲಿ ಕಂಡಷ್ಟೇ ಖರ್ಚು ಅಂತ ಬರೆದುಬಿಡಬೇಡಿ.

ಸಂಜೆಗಣ್ಣು:

ಮೂವರಿಗೂ ಧನ್ಯವಾದ. ಖರ್ಚಿನ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ಇನ್ನೊಂದು: ಚರ್ಚೆಯಲ್ಲಿ ಒಂದು ಸಮುದಾಯದ ಬಗ್ಗೆ ಹಸಿ ಸುಳ್ಳು ಹೇಳಿದರೆ, ನೋಡುಗರು ಕೊಟ್ಟ ದೂರು ಎಲ್ಲಿಯಾದರೂ ತಲುಪುತ್ತದೆಯೇ?

ದೂರುಹಾಳೆ:

ತಲುಪುತ್ತದೆ, ಸರಿಯಾಗಿ ಬರೆದರೆ. 2021ರ ಜೂನ್‌ನಲ್ಲಿ ತಿದ್ದಿದ ಕೇಬಲ್ ಟಿವಿ ನಿಯಮಗಳ ಪ್ರಕಾರ ಮೂರು ಮೆಟ್ಟಿಲು. ಮೊದಲು ಚಾನೆಲ್‌ನ ದೂರು ಅಧಿಕಾರಿಗೆ. ವಿವರ ಅವರ ವೆಬ್‌ಸೈಟಿನಲ್ಲಿರುತ್ತದೆ. 24 ಗಂಟೆಯಲ್ಲಿ ಸ್ವೀಕೃತಿ, 15 ದಿನದಲ್ಲಿ ನಿರ್ಧಾರ ಕೊಡಬೇಕು. ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಅವರು ಸೇರಿರುವ ಸ್ವಯಂ ನಿಯಂತ್ರಣ ಮಂಡಳಿಗೆ ಮೇಲ್ಮನವಿ. ಮಂಡಳಿಗೆ 60 ದಿನ. ಅದಕ್ಕೂ ಮೇಲೆ ಕೇಂದ್ರದ ವಾರ್ತಾ ಸಚಿವಾಲಯ. ಸುದ್ದಿ ಪ್ರಸಾರಕರ ಇಂಥ ಒಂದು ಮಂಡಳಿ ಎನ್‌ಬಿಡಿಎಸ್‌ಎಯ ಸದಸ್ಯ ಚಾನೆಲ್ ಆದರೆ ಪ್ರಸಾರವಾದ ಏಳು ದಿನದೊಳಗೇ ಮೊದಲ ದೂರು ಕಳುಹಿಸಿ. ತಡವಾದ ದೂರನ್ನು ಒಳಗೇನಿದೆ ಅಂತ ನೋಡದೆಯೇ ಪಕ್ಕಕ್ಕಿಡುತ್ತಾರೆ.

ಸೋಲುವ ದೂರುಗಳಿಗೆಲ್ಲ ಒಂದೇ ಲಕ್ಷಣ, ‘ನಿಮ್ಮ ಚಾನೆಲ್ ಪಕ್ಷಪಾತಿ’ ಅಂತ ಒಂದು ಸಾಲು. ಹಾಗೆ ಬರೆಯಬೇಡಿ. ಕಾರ್ಯಕ್ರಮದ ಹೆಸರು, ದಿನಾಂಕ, ಶುರುವಾದ ಹೊತ್ತು, ಆ ಮಾತು ಬಂದ ನಿಮಿಷ ಮತ್ತು ಸೆಕೆಂಡು, ಆಡಿದ ಮಾತು ಅಕ್ಷರಶಃ, ಅದು ಯಾಕೆ ಸುಳ್ಳು ಅನ್ನುವುದಕ್ಕೆ ಸರ್ಕಾರಿ ದಾಖಲೆ ಅಥವಾ ತೀರ್ಪು, ಮುರಿದ ನಿಯಮ. 1994ರ ಕೇಬಲ್ ನಿಯಮಗಳಲ್ಲಿ 6(1)(ಸಿ) ಧರ್ಮ, ಸಮುದಾಯಗಳ ಮೇಲಿನ ದಾಳಿಗೆ. 6(1)(ಡಿ) ಬೇಕೆಂದೇ ಹೇಳಿದ ಸುಳ್ಳು ಮತ್ತು ಅರ್ಧಸತ್ಯಕ್ಕೆ. ಕತ್ತರಿಸಿದ ತುಣುಕಿನ ಲಿಂಕ್ ಕೊಟ್ಟರೆ ‘ಸಂದರ್ಭ ಬೇರೆ’ ಅನ್ನುತ್ತಾರೆ, ಪೂರ್ತಿ ಕಾರ್ಯಕ್ರಮದ್ದೇ ಕೊಡಿ. ಯೂಟ್ಯೂಬ್‌ನಿಂದ ತೆಗೆದುಬಿಟ್ಟಿದ್ದರೆ ಹೆದರಬೇಡಿ, ಪ್ರಸಾರವಾದದ್ದನ್ನು ಚಾನೆಲ್ 90 ದಿನ ಇಟ್ಟುಕೊಳ್ಳಲೇಬೇಕು. ಆ ರೆಕಾರ್ಡಿಂಗ್ ಅಳಿಸದಂತೆ ದೂರಿನಲ್ಲೇ ಒಂದು ಸಾಲು ಕೇಳಿ.

ಅಂಕಿಗಂಟು:

ದೂರುಹಾಳೆ ಅವರ ಮಾತಿಗೆ ಒಂದು ಸೇರ್ಪಡೆ. ಹೊತ್ತು ಬರೆಯುವಾಗ ಯೂಟ್ಯೂಬ್ ವಿಡಿಯೊದ ಟೈಮ್‌ಸ್ಟ್ಯಾಂಪ್ ಅಷ್ಟೇ ಕೊಡಬೇಡಿ. ಅಲ್ಲಿ ಬ್ರೇಕ್‌ಗಳನ್ನು ತೆಗೆದಿರುತ್ತಾರೆ, ಪ್ರಸಾರದ ಹೊತ್ತಿಗೆ ಹತ್ತು ಹದಿನೈದು ನಿಮಿಷ ವ್ಯತ್ಯಾಸ ಬರುತ್ತದೆ. ಪರದೆಯ ಮೂಲೆಯಲ್ಲಿ ಗಡಿಯಾರ ಇದ್ದರೆ ಅದು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಲಗತ್ತಿಸಿ.