ಮೊದಲ ಸೆಕೆಂಡ್ ಹ್ಯಾಂಡ್ ಜಪಾನಿ ಸ್ಪೋರ್ಟ್ಸ್ ಕಾರು: ಪುಣೆಯಲ್ಲಿ ನಾಲ್ಕೂವರೆ ಲಕ್ಷದೊಳಗೆ ಯಾವುದು ಯೋಗ್ಯ?

ವಾಕಡ್ ನಿವಾಸಿ:

ಎಲ್ಲರಿಗೂ ನಮಸ್ಕಾರ. ನಾನು ಮೂಲತಃ ಧಾರವಾಡದವನು. ನೌಕರಿಯ ನಿಮಿತ್ತ ಪುಣೆಯ ವಾಕಡ್‌ನಲ್ಲಿ ನೆಲೆಸಿದ್ದೇನೆ. ಕಚೇರಿಗೆ ಕಂಪನಿಯ ಬಸ್ಸು ಇರುವುದರಿಂದ ದಿನನಿತ್ಯದ ಓಡಾಟಕ್ಕೆ ಕಾರಿನ ಅಗತ್ಯವಿಲ್ಲ. ರಜೆಯ ದಿನ ನಸುಕಿನಲ್ಲೇ ಎದ್ದು ತಾಮ್ಹಿಣಿ ಘಾಟಿನ ಕಡೆ ಹೋಗಿ ಬರಲು, ಹಬ್ಬಹುಣ್ಣಿಮೆಗೆ ಊರಿಗೆ ಹೋಗಲು, ಓಡಿಸುವುದರಲ್ಲೇ ಖುಷಿ ಕೊಡುವಂತಹ ಒಂದು ಹಳೆಯ ಜಪಾನಿ ಕಾರನ್ನು ಕೊಳ್ಳಬೇಕೆಂದಿದ್ದೇನೆ. ವರ್ಗಾವಣೆ, ವಿಮೆ, ಮೊದಲ ರಿಪೇರಿ ಎಲ್ಲವೂ ಸೇರಿ ನನ್ನ ಮಿತಿ ನಾಲ್ಕೂವರೆ ಲಕ್ಷ ರೂಪಾಯಿ.

ಮನಸ್ಸಿನಲ್ಲಿರುವುದು ಮಾಜ್ದಾ ಎಂಎಕ್ಸ್-5, ಎರಡೇ ಆಸನದ ಪುಟ್ಟ ಸ್ಪೋರ್ಟ್ಸ್ ಕಾರು. ಜಪಾನಿನಲ್ಲಿ ಅದರ ಹಳೆಯ ಮಾದರಿಗಳು ಕಡಿಮೆ ಬೆಲೆಗೆ ಸಿಗುತ್ತವೆ ಎಂದು ಕೇಳಿದ್ದೇನೆ. ಅಂತಹದನ್ನು ತರಿಸಿಕೊಳ್ಳಲು ದಾರಿ ಇದೆಯೇ? ಇಲ್ಲವಾದರೆ ಇಲ್ಲಿಯೇ ಸಿಗುವ ಕಾರುಗಳಲ್ಲಿ ಯಾವುದನ್ನು ನೋಡಬೇಕು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಕೊಥ್ರೂಡ್ ಸಾರಥಿ:

ಎಂಎಕ್ಸ್-5 ಆಸೆಯನ್ನು ಇಲ್ಲಿಗೇ ಬಿಡುವುದು ಒಳ್ಳೆಯದು. ಮಾಜ್ದಾ ನಮ್ಮ ದೇಶದಲ್ಲಿ ಕಾರು ಮಾರಿಲ್ಲ. ಹೊರಗಿನಿಂದ ತರಿಸೋಣವೆಂದರೆ, ತಯಾರಾಗಿ ಮೂರು ವರ್ಷ ಮೀರಿದ ಬಳಸಿದ ಕಾರನ್ನು ಆಮದು ಮಾಡಿಕೊಳ್ಳಲು ನಿಯಮ ಬಿಡುವುದಿಲ್ಲ. ಮೂರು ವರ್ಷದೊಳಗಿನದನ್ನು ಬಲಗಡೆ ಸ್ಟೀರಿಂಗ್ ಇದ್ದರೆ ಮುಂಬೈ ಬಂದರಿನ ಮೂಲಕ ತರಬಹುದಾದರೂ, ಅದರ ಮೇಲಿನ ಸುಂಕವೇ ಕಾರಿನ ಬೆಲೆಯನ್ನು ಮೀರಿಸುತ್ತದೆ. ಟೊಯೋಟಾ ಜಿಟಿ86 ಕೂಡ ಇಲ್ಲಿಗೆ ಬರಲಿಲ್ಲ. ನಿಸ್ಸಾನ್ 370ಜೆಡ್ ಬಂದಿತ್ತು, ಆದರೆ ಅದು ನೀವು ಹೇಳಿದ ಮೊತ್ತಕ್ಕೆ ಎಟಕುವ ಮಾತಲ್ಲ. ಆದ್ದರಿಂದ ಹಿಂಚಕ್ರಕ್ಕೆ ಶಕ್ತಿ ಹೋಗುವ ಎರಡು ಬಾಗಿಲಿನ ಕಾರು ಎಂಬ ಕಲ್ಪನೆಯನ್ನು ಬದಿಗಿಟ್ಟು, ಜಪಾನಿ ಕಂಪನಿಗಳು ಇಲ್ಲಿಯೇ ತಯಾರಿಸಿ ಮಾರಿದ, ಓಡಿಸಲು ಚುರುಕಾದ ಕಾರುಗಳನ್ನು ನೋಡಬೇಕಾಗುತ್ತದೆ.

ಅವುಗಳಲ್ಲಿ ನನ್ನ ಮೊದಲ ಆಯ್ಕೆ 2006ರಲ್ಲಿ ಬಂದ ಹೋಂಡಾ ಸಿವಿಕ್. 1.8 ಲೀಟರಿನ ಎಂಜಿನ್, 132 ಪಿಎಸ್ ಶಕ್ತಿ, ಹಿಂದಿನ ಚಕ್ರಗಳಿಗೂ ಸ್ವತಂತ್ರ ಸಸ್ಪೆನ್ಷನ್. ಘಾಟಿನ ತಿರುವುಗಳಲ್ಲಿ ಈ ಕೊನೆಯ ಅಂಶಕ್ಕೆ ಎಷ್ಟು ಬೆಲೆ ಇದೆ ಎಂಬುದು ಓಡಿಸಿದವರಿಗೇ ಗೊತ್ತು. ಟೈಮಿಂಗ್ ಚೈನ್ ಇರುವುದರಿಂದ ಬೆಲ್ಟ್ ಬದಲಿಸುವ ಖರ್ಚಿಲ್ಲ. ಮ್ಯಾನುಯಲ್ ಗೇರಿನದನ್ನೇ ಆರಿಸಿ.

ಇನ್ನು ಅದರ ದೋಷಗಳು. ಹೊಟ್ಟೆ ತಗ್ಗು, ನಮ್ಮ ಸೊಸೈಟಿಗಳ ಮುಂದಿನ ಸ್ಪೀಡ್ ಬ್ರೇಕರುಗಳಿಗೆ ಕೆಳಭಾಗ ಉಜ್ಜಿಕೊಳ್ಳದ ಸಿವಿಕ್ ಅನ್ನು ನಾನು ಕಂಡಿಲ್ಲ. ಲಿಫ್ಟಿಗೆ ಏರಿಸಿ ಕೆಳಗಿನಿಂದ ನೋಡದೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ. ಲೋವರ್ ಆರ್ಮ್ ಬುಶ್, ಎಂಜಿನ್ ಮೌಂಟಿಂಗ್, ಸ್ಟೀರಿಂಗ್ ರ‍್ಯಾಕಿನ ಕಟಕಟ ಶಬ್ದ ಸಾಮಾನ್ಯ. ಈ ಕಾರಿನಲ್ಲಿರುವ ಆರ್18 ಎಂಬ ಎಂಜಿನ್ನಿನ ಆರಂಭದ ವರ್ಷಗಳ ಬ್ಲಾಕ್ ಬಿರುಕು ಬಿಟ್ಟು ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಸೋರುವ ದೋಷಕ್ಕಾಗಿ ಅಮೆರಿಕದಲ್ಲಿ ಹೋಂಡಾ 2006ರಿಂದ 2008ರವರೆಗಿನ ಕಾರುಗಳಿಗೆ ವಾರಂಟಿಯನ್ನೇ ವಿಸ್ತರಿಸಿತ್ತು. ಹಾಗಾಗಿ ಕೂಲೆಂಟ್ ಟ್ಯಾಂಕಿನಲ್ಲಿ ಬರೀ ನೀರಿದ್ದರೆ, ಅಥವಾ ಮಾಲೀಕರು ಆಗಾಗ ಸ್ವಲ್ಪ ನೀರು ಹಾಕಿಕೊಳ್ಳುತ್ತೇನೆಂದು ಸಹಜವಾಗಿ ಹೇಳಿದರೆ, ಕೈಮುಗಿದು ಹಿಂದಿರುಗಿ. ತಕಾಟ ಕಂಪನಿಯ ದೋಷಪೂರಿತ ಏರ್‌ಬ್ಯಾಗಿನ ವಾಪಸಾತಿಯೂ ಈ ಕಾರಿಗೆ ಅನ್ವಯಿಸಿತ್ತು. ಚಾಸಿಸ್ ನಂಬರ್ ಹಾಕಿ ಹೋಂಡಾ ಜಾಲತಾಣದಲ್ಲಿ ಅದು ಬದಲಾಗಿದೆಯೇ ಎಂದು ನೋಡಿಕೊಳ್ಳಬಹುದು.

ಠಾಣೆ ಹಳೇ ಹುಲಿ:

ಸಾರಥಿಯವರು ಎಲ್ಲವನ್ನೂ ಹೇಳಿ 2000ದಲ್ಲಿ ಬಂದ ಹೋಂಡಾ ಸಿಟಿ ವಿಟೆಕ್ ಅನ್ನು ಮಾತ್ರ ಬಿಟ್ಟಿದ್ದಾರೆ. 1.5 ಲೀಟರಿನಲ್ಲಿ ನೂರಕ್ಕೂ ಮೀರಿದ ಶಕ್ತಿ, ಮೇಲೆ ಭಾರವೇ ಇಲ್ಲದ ಮೈಕಟ್ಟು. ಎಂಜಿನ್ ಸುತ್ತುವ ವೇಗ ತೋರಿಸುವ ಟ್ಯಾಕೋಮೀಟರಿನ ಮುಳ್ಳು ಮೇಲೇರಿದಂತೆ ಆ ಎಂಜಿನ್ ಹಾಡುವ ರೀತಿಯನ್ನು ಸಿವಿಕ್‌ನಲ್ಲಿ ಹುಡುಕಿದರೂ ಸಿಗದು. ಸ್ಪೋರ್ಟ್ಸ್ ಕಾರು ಎಂದು ಕೇಳಿದವರಿಗೆ ದಪ್ಪನೆಯ ಸೆಡಾನ್ ತೋರಿಸುವುದು ನನಗೇಕೋ ಸರಿ ಕಾಣುವುದಿಲ್ಲ. ಮಿತ್ಸುಬಿಷಿ ಸೀಡಿಯಾ ಕೂಡ ರ‍್ಯಾಲಿಗಳಲ್ಲಿ ಹೆಸರು ಮಾಡಿದ ಗಾಡಿ. ಆದರೆ ಅದರ ಹೆಡ್‌ಲೈಟ್ ಒಡೆದರೆ ಹೊಸದನ್ನು ಹುಡುಕುತ್ತ ಕುರ್ಲಾದ ಗುಜರಿ ಅಂಗಡಿಗಳನ್ನು ಸುತ್ತಬೇಕಾಗುತ್ತದೆ ಎಂಬುದನ್ನು ಒಪ್ಪುತ್ತೇನೆ.

ಕೊಥ್ರೂಡ್ ಸಾರಥಿ:

ಹುಲಿ ಸರ್, ಸಿಟಿ ವಿಟೆಕ್ ಬಗ್ಗೆ ನನಗೂ ಅಷ್ಟೇ ಪ್ರೀತಿ ಇದೆ. ಆದರೆ ಪ್ರಶ್ನೆ ಕೇಳಿದವರಿಗೆ ಇದು ಮೊದಲ ಕಾರು. ಆ ಕಾರುಗಳೆಲ್ಲ ಈಗ 20 ವರ್ಷ ದಾಟಿವೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಈ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದಲೇ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ಮಹಾರಾಷ್ಟ್ರದಲ್ಲಿ ಪರಿಸರ ತೆರಿಗೆ ಬೇರೆ. ಹಣಕ್ಕಿಂತ ಹೆಚ್ಚಾಗಿ, ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್ಗುಗಳಿಗೆ ವಿದ್ಯುತ್ ಹಂಚುವ ಭಾಗ) ಕೈಕೊಟ್ಟು ಖಂಬಾಟ್ಕಿ ಘಾಟಿನಲ್ಲಿ ಗಾಡಿ ನಿಂತರೆ, ಅದನ್ನು ಬಲ್ಲ ಮೆಕ್ಯಾನಿಕ್ ಅಲ್ಲಿ ಸಿಗುವುದು ಅದೃಷ್ಟದ ಮಾತು. ಇಪ್ಪತ್ತು ಪ್ರತಿಶತ ಎಥೆನಾಲ್ ಬೆರೆಸಿದ ಪೆಟ್ರೋಲೇ ಈಗ ಎಲ್ಲೆಡೆ ಸಿಗುತ್ತಿರುವುದರಿಂದ, ಅಷ್ಟು ಹಳೆಯ ಗಾಡಿಯ ಇಂಧನದ ರಬ್ಬರ್ ಪೈಪು, ವಾಷರುಗಳನ್ನು ಕೊಂಡ ತಕ್ಷಣ ಬದಲಿಸಿಕೊಳ್ಳುವುದು ಕ್ಷೇಮ. ಎರಡನೆಯ ಕಾರಾಗಿ ಸಿಟಿ ವಿಟೆಕ್, ಖಂಡಿತ.

ವಾಕಡ್ ನಿವಾಸಿ:

ಇಬ್ಬರಿಗೂ ಧನ್ಯವಾದಗಳು. ಈ ವಾರ ಎರಡು ಕಾರುಗಳನ್ನು ನೋಡಿದೆ. ಮೊದಲನೆಯದು 2012ರ ಸಿವಿಕ್, ಠಾಣೆಯ ಎಂಎಚ್-04 ನೋಂದಣಿ, ಕೇಳುತ್ತಿರುವುದು ಮೂರು ಲಕ್ಷದ ಹತ್ತು ಸಾವಿರ. ಸ್ಪ್ರಿಂಗ್ ಬದಲಿಸಿ ಗಾಡಿಯನ್ನು ಇನ್ನಷ್ಟು ತಗ್ಗಿಸಿದ್ದಾರೆ, ಸೈಲೆನ್ಸರ್ ಕೂಡ ಹೊರಗಿನದು. ಎರಡನೆಯದು 2018ರ ಮಾರುತಿ ಸುಜುಕಿ ಬಲೆನೊ ಆರ್‌ಎಸ್, ಒಬ್ಬರೇ ಮಾಲೀಕರು, ಬೆಂಗಳೂರಿನ ಕೆಎ ನೋಂದಣಿ, ನಾಲ್ಕು ಲಕ್ಷ ಹೇಳುತ್ತಿದ್ದಾರೆ. ಕೆಎ ನಂಬರಿನಲ್ಲೇ ಇಟ್ಟುಕೊಂಡು ಓಡಿಸಬಹುದೇ? ನಮ್ಮ ತಂದೆಯವರಿಗೆ ಎರಡನೆಯದು ಹಿಡಿಸಿದೆ, ನನಗೆ ಮೊದಲನೆಯದು.

ಪಿಂಪ್ರಿ ಬೋಲ್ಟು:

ತಮ್ಮ ತಂದೆಯವರ ಮಾತೇ ಸರಿ ಎಂದು ನನ್ನ ಅಭಿಪ್ರಾಯ.

ಬಲೆನೊ ಆರ್‌ಎಸ್ 2017ರಲ್ಲಿ ಬಂದು 2020ರ ಆರಂಭಕ್ಕೆ ನಿಂತುಹೋದ ಕಾರು. ಒಂದು ಲೀಟರಿನ ಮೂರು ಸಿಲಿಂಡರಿನ ಟರ್ಬೊ (ಒತ್ತಡದಿಂದ ಹೆಚ್ಚು ಗಾಳಿ ತುಂಬಿ ಶಕ್ತಿ ಹೆಚ್ಚಿಸುವ) ಎಂಜಿನ್, 102 ಪಿಎಸ್, 150 ಎನ್‌ಎಂ ಟಾರ್ಕ್. ತೂಕ ಮಾತ್ರ 950 ಕಿಲೋ. ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಇದೆ, ಗೇರು ಮ್ಯಾನುಯಲ್ ಮಾತ್ರ. ಸಿವಿಕ್‌ಗಿಂತ 30 ಪಿಎಸ್ ಕಡಿಮೆ ಎಂದು ಕಾಗದದ ಮೇಲೆ ಕಂಡರೂ, ತಾಮ್ಹಿಣಿಯ ತಿರುವುಗಳಿಂದ ಎರಡನೆಯ ಗೇರಿನಲ್ಲಿ ಹೊರಬರುವಾಗ ಟರ್ಬೊ ಕೊಡುವ ಎಳೆತ ಆ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ನಿಂತುಹೋದ ಕಾರಿಗೆ ಬಿಡಿಭಾಗದ ಚಿಂತೆ ಸಹಜ, ಆದರೆ ಬೂಸ್ಟರ್‌ಜೆಟ್ ಎಂಬ ಇದೇ ಎಂಜಿನ್ನಿನ ವಂಶ 2023ರಲ್ಲಿ ಮಾರುತಿಯ ಫ್ರಾಂಕ್ಸ್ ಕಾರಿನ ಮೂಲಕ ಮತ್ತೆ ಬಂದಿದೆ. ಬಾಡಿಯ ಬಹುಪಾಲು ಭಾಗಗಳು ಆ ಕಾಲದ ಸಾಮಾನ್ಯ ಬಲೆನೊದವೇ. ಒಂದು ವಿಷಯವನ್ನು ಮರೆಯದೆ ವಿಚಾರಿಸಿ: ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪಿನ ದೋಷಕ್ಕಾಗಿ 2023ರ ಏಪ್ರಿಲ್‌ನಲ್ಲಿ 7,213 ಆರ್‌ಎಸ್ ಕಾರುಗಳನ್ನು ವಾಪಸ್ ಕರೆದಿದ್ದರು. 2016ರ ಅಕ್ಟೋಬರ್ ಕೊನೆಯಿಂದ 2019ರ ನವೆಂಬರ್ 1ರವರೆಗೆ ತಯಾರಾದವು ಅದರಲ್ಲಿ ಸೇರಿದ್ದರಿಂದ, ತಾವು ನೋಡಿದ ಕಾರಿಗೂ ಅದು ಅನ್ವಯಿಸುತ್ತದೆ. ಪಂಪ್ ಬದಲಿಸಿದ ದಾಖಲೆ ಸರ್ವಿಸ್ ಹಿಸ್ಟರಿಯಲ್ಲಿ ಇರಲೇಬೇಕು.

ಸಿವಿಕ್ ಒಳ್ಳೆಯ ಕಾರೇ, ಆದರೆ ಈ ಸಿವಿಕ್ ಬೇಡ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಮಾಡುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ದಂಡಕ್ಕಿಂತ ದೊಡ್ಡ ತೊಂದರೆ, ಅಪಘಾತವಾದ ದಿನ ವಿಮೆಯವರು ತಕರಾರು ತೆಗೆಯಬಹುದು. ಮೇಲಾಗಿ ಸ್ಪ್ರಿಂಗ್ ತಗ್ಗಿಸಿದ ಗಾಡಿಯನ್ನು ಹಿಂದಿನವರು ಹೇಗೆ ಓಡಿಸಿರಬಹುದು ಎಂಬುದನ್ನು ಊಹಿಸುವುದು ಕಷ್ಟವೇನಲ್ಲ. ಅದರ ನೋಂದಣಿಯೂ 2027ಕ್ಕೆ ಮುಗಿಯುತ್ತದೆ. ಠಾಣೆ, ಮುಂಬೈ ಕಡೆಯ ಗಾಡಿಯಾದ್ದರಿಂದ ಮಳೆಗಾಲದಲ್ಲಿ ನೀರಿನಲ್ಲಿ ಮುಳುಗಿದ್ದ ಸಾಧ್ಯತೆಯನ್ನೂ ನೋಡಬೇಕು: ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿದರೆ, ಎಂದೂ ಹೊರಬರದ ಆ ಕೊನೆಯ ಗೇಣಿನಲ್ಲಿ ಕೆಸರಿನ ಕಲೆ ಸಿಕ್ಕಿಬೀಳುತ್ತದೆ. ಎಷ್ಟೇ ತೊಳೆಸಿದರೂ ಅಲ್ಲಿಗೆ ಯಾರೂ ಕೈಹಾಕುವುದಿಲ್ಲ.

ಕೆಎ ನಂಬರಿನ ಬಗ್ಗೆ: ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿನ ನೋಂದಣಿ ಮಾಡಿಸಲೇಬೇಕು. ಬೆಂಗಳೂರಿನ ಆರ್‌ಟಿಒ ಕಚೇರಿಯಿಂದ ಫಾರಂ 28ರ ಮೂಲಕ ಆಕ್ಷೇಪಣೆ ಇಲ್ಲವೆಂಬ ಪತ್ರ, ಅಂದರೆ ಎನ್‌ಒಸಿ, ಸಾಲವಿದ್ದರೆ ಅದು ತೀರಿದ್ದಕ್ಕೆ ಫಾರಂ 35, ವರ್ಗಾವಣೆಗೆ 29 ಮತ್ತು 30. ಇಲ್ಲಿ ಮಹಾರಾಷ್ಟ್ರದ ತೆರಿಗೆಯನ್ನು ಮತ್ತೆ ಕಟ್ಟಿ, ಕರ್ನಾಟಕದಲ್ಲಿ ಕಟ್ಟಿದ ಆಜೀವ ತೆರಿಗೆಯ ಉಳಿಕೆಗೆ ಅರ್ಜಿ ಹಾಕಬೇಕು. ಆ ಹಣ ಬರುವುದಕ್ಕೆ ತಾಳ್ಮೆ ಬೇಕು, ಹಾಗಾಗಿ ಅದನ್ನು ನಿಮ್ಮ ನಾಲ್ಕೂವರೆ ಲಕ್ಷದ ಲೆಕ್ಕದಲ್ಲಿ ಹಿಡಿಯಬೇಡಿ. ಇದೇ ಕಾರಣವನ್ನು ಮುಂದಿಟ್ಟು ಮೂರೂವರೆಯಿಂದ ಮಾತು ಆರಂಭಿಸಿ. ಎನ್‌ಒಸಿ ಮಾರುವವರ ಜವಾಬ್ದಾರಿ ಎಂದು ಬರೆಸಿಕೊಳ್ಳಿ, ಅದು ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.

ವಾಕಡ್ ನಿವಾಸಿ:

ಬಹಳ ಉಪಕಾರವಾಯಿತು. ಮನಸ್ಸು ಇನ್ನೂ ಸಿವಿಕ್ ಕಡೆಗೇ ಎಳೆಯುತ್ತಿದೆಯಾದರೂ, ಮುಂದಿನ ಶನಿವಾರ ಬೆಂಗಳೂರಿಗೆ ಹೋಗಿ ಬಲೆನೊ ಓಡಿಸಿ ನೋಡುತ್ತೇನೆ. ಬೇರೇನಾದರೂ ಗಮನಿಸಬೇಕೇ?

ಪಿಂಪ್ರಿ ಬೋಲ್ಟು:

ತಾವು ಬರುವ ಮೊದಲು ಗಾಡಿ ಸ್ಟಾರ್ಟ್ ಮಾಡಬಾರದೆಂದು ಮಾಲೀಕರಿಗೆ ಹಿಂದಿನ ದಿನವೇ ಹೇಳಿಡಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟು ತಣ್ಣಗಿದೆಯೇ ನೋಡಿ. ಬಿಸಿಯಿದ್ದರೆ ತಿಂಡಿ ಮುಗಿಸಿಕೊಂಡು, ಅದು ಪೂರ್ತಿ ಆರಿದ ಮೇಲೆ ಬನ್ನಿ. ಮೊದಲ ಸ್ಟಾರ್ಟಿನಲ್ಲಿ ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಟರ್ಬೊ ಎಣ್ಣೆ ಕುಡಿಯುತ್ತಿರಬಹುದು. ಹಾಗಾದಲ್ಲಿ ಬೆಲೆ ಎಷ್ಟೇ ಇಳಿಸಿದರೂ ಒಪ್ಪಬೇಡಿ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳಲ್ಲಿ ಕೊನೆಯ ಎರಡು ತಯಾರಾದ ವರ್ಷ. ಅಲ್ಲಿ 18 ಎಂದೇ ಇದ್ದರೆ ನಾಲ್ಕು ಹೊಸ ಟೈರಿನ ಹಣವನ್ನು ಬೆಲೆಯಿಂದ ಕಳೆಯಿರಿ.